ಆರತಿಯನ್ನು ಜತ್ತಿಗೆ ಒಯ್ದು ತಿರುಗಿ ತಂದದ್ದು

ಮರಾಠಿ ರಾಜ್ಯಕ್ಕೆ ಸೇರಿದ ನಮ್ಮ ಕನ್ನಡದೂರು ಸೋನ್ಯಾಳದಿಂದ ಜತ್ತಿಗೆ ಹೋಗುವ ಎಂಟು ಗಂಟೆಯ ಬಸ್ಸು ಅಂದು ಎಂಟೂವರೆಗೆ ಬಂತು. ಜೂನ್ ತಿಂಗಳು. ಮೋಡ ಇತ್ತು, ಮಳೆ ಇರಲಿಲ್ಲ, ಗಾಳಿಯ ಧೂಳಿಗೆ ಕಣ್ಣು ತೆರೆಯಲು ಆಗುತ್ತಿರಲಿಲ್ಲ. ಹೊರಟವರು ಮೂವರು: ನಾನು, ನನ್ನ ಮಗ ಬೀರಪ್ಪ, ಅವನ ಮಗಳು ಆರತಿ. ಆರತಿ ಊರಿನ ಕನ್ನಡ ಸಾಲೆಯಲ್ಲಿ ಎರಡನೆಯ ಇಯತ್ತೆ ಮುಗಿಸಿ ಮೂರಕ್ಕೆ ಕಾಲಿಟ್ಟಿದ್ದಳು. ಅವಳನ್ನು ಬಿಡಿಸಿ ಜತ್ತಿನ ಇಂಗ್ಲಿಷ್ ಸಾಲೆಗೆ ಹಾಕಬೇಕೆಂಬುದು ಬೀರಪ್ಪನ ಹಟ. ಬಿಡಿಸಗೊಡಬಾರದೆಂಬುದು ನನ್ನ ಹಟ.

"ನೀ ಯಾಕ ಬರ್ತಿ ಯವ್ವಾ?" ಎಂದ.

"ಯಾಕ, ಜತ್ತ ನಿಮ್ಮಪ್ಪಂದೇನು? ಹೆಂಗಸರಿಗೆ ಅರ್ಧಾ ತಿಕೀಟ ಐತಿ, ಬರ್ತೀನಿ" ಎಂದು ಅವನಿಗಿಂತ ಮೊದಲು ಹತ್ತಿದೆ.

ಗುಡ್ಡಾಪುರದ ದಾನಮ್ಮನ ದರ್ಶನ ಮುಗಿಸಿ ಹೊರಟಿದ್ದ ಹೆಣ್ಣುಮಗಳೊಬ್ಬಳು ಸರಿದು ಜಾಗ ಕೊಟ್ಟಳು. ಕೈಗೆ ಒಂದಿಷ್ಟು ಪ್ರಸಾದ ಹಾಕಿ, ಎಲ್ಲಿಗೆ, ಯಾಕೆ ಎಂದೆಲ್ಲ ವಿಚಾರಿಸಿದಳು. ಹೇಳಿದೆ.

"ಚಲೋ ಮಾಡ್ಲಾಕತ್ತಾನ ನಿಮ್ಮ ಮಗ. ಕನ್ನಡ ಸಾಲಿ ಕಲ್ತು ಮತ್ತ ಕುರಿ ಕಾಯಬೇಕೇನು ಕೂಸು?"

"ಕುರಿ ಕಾಯೋದು ಸುಮ್ನ ಅಂತ ತಿಳಿದೀಯೇನ ತಂಗಿ? ನೂರರ ಮ್ಯಾಲ ಅದಾವ ನಮ್ಮವು. ಸಂಜೀಕ ಎಣಿಸಂಗಿಲ್ಲ ನಾವು, ಒಂದೊಂದರ ಮುಖಾ ಮಾರಿ ನೋಡ್ತೀವಿ. ಒಂದು ಮಾರಿ ಕಾಣ್ಲಿಲ್ಲಂದ್ರ ಕಂದೀಲ ಹಿಡದು ಹುಡುಕ್ಲಾಕ ಹೋಗ್ತೀವಿ. ನಮ್ಮ ಸಾಲಿ ಅಕ್ಕೋರೂ ಹಂಗ. ಹಾಜರಿ ಕರೆಯೂಕಿಂತ ಮೊದಲ ಯಾರು ಬಂದಿಲ್ಲ ಅಂತಾರ. ಮಧ್ಯಾಹ್ನ ಆ ಮನಿ ಬಾಗಿಲಿಗೆ ಬಂದು ನಿಂದರ್ತಾರ."

ಆಕೆ ನಕ್ಕು ಕಿಟಕಿಯ ಕಡೆ ತಿರುಗಿದಳು. ನನಗಿನ್ನೂ ಮಾತಾಡುವುದಿತ್ತು.

ನಾನು ಸಾಲೆಗೆ ಹೋದದ್ದು ಎರಡೇ ವರ್ಷ. ಇದನ್ನು ಬರೆಯುವಾಗ ತಪ್ಪಿದ ಅಕ್ಷರ ತಿದ್ದಿದವಳೂ ಆರತಿಯೇ. ಆದರೆ ಪಾಲಕರ ಸಭೆಯನ್ನು ಒಂದೂ ತಪ್ಪಿಸಿದವಳಲ್ಲ. ಹೋದ ಸಭೆಯಲ್ಲಿ ಅಕ್ಕೋರು ಸಾಲೆಯ ಟಿವಿಯಲ್ಲಿ ಬೇರೆ ದೇಶದ ಸಾಲೆಗಳನ್ನು ತೋರಿಸಿದ್ದರು. ಜಪಾನದಲ್ಲಿ ಮಕ್ಕಳೇ ವರ್ಗದ ಕಸ ಹೊಡೆಯುತ್ತವೆ, ಒಬ್ಬರಿಗೊಬ್ಬರು ಊಟ ಬಡಿಸುತ್ತವೆ. ಫಿನ್‌ಲ್ಯಾಂಡ್ ಎಂಬ ಹಿಮದ ದೇಶದಲ್ಲಿ ಏಳು ವರ್ಷವಾಗುವ ತನಕ ಒಂದನೆಯ ಇಯತ್ತೆಯೇ ಇಲ್ಲ, ಅಲ್ಲಿಯವರೆಗೆ ಆಟ. ಕೊರಿಯಾದಲ್ಲಿ ಸಾಲೆ ಬಿಟ್ಟ ಮೇಲೂ ಮಕ್ಕಳು ಶಿಕವಣಿಗೆ, ಅಂದರೆ ಟ್ಯೂಶನ್ನಿಗೆ, ಓಡುತ್ತವೆ. "ಅವರೂ ಭಾಳ ಮುಂದ ಅದಾರ, ಆದ್ರ ಕೂಸುಗಳ ನಿದ್ದಿಗೆಟ್ಟ ಕಣ್ಣು ನೋಡ್ರಿ" ಎಂದಿದ್ದರು ಅಕ್ಕೋರು. ನಾನು ಕೇಳಿದ್ದು ಒಂದೇ: ಅವರೆಲ್ಲ ಯಾವ ಭಾಷೆಯಲ್ಲಿ ಕಲಿಯುತ್ತಾರೆ? ಜಪಾನದವರು ಜಪಾನಿಯಲ್ಲಿ, ಫಿನ್‌ಲ್ಯಾಂಡಿನವರು ಬಹುತೇಕ ತಮ್ಮ ಫಿನ್ನಿಶ್‌ನಲ್ಲಿ, ಕೊರಿಯಾದವರು ತಮ್ಮದರಲ್ಲಿ ಎಂದರು. ಅಂದೇ ನನ್ನ ಹಟ ಗಟ್ಟಿಯಾಯಿತು. ಬೀರಪ್ಪ ಆ ಸಭೆಗೆ ಬಂದಿರಲಿಲ್ಲ.

ಜತ್ತಿನ ಸ್ಟ್ಯಾಂಡಿನಲ್ಲಿ ಇಳಿದು ಚಹಾ, ಭಜಿ ತಿಂದು ನಡೆಯುತ್ತ ಹೊರಟೆವು. ದಾರಿಯಲ್ಲಿ ಬೀರಪ್ಪ ಮೆತ್ತಗೆ ಹೇಳಿದ: "ಯವ್ವಾ, ಬ್ಯಾಂಕಿನಾಗ ಇಂಗ್ಲಿಷ್ ಕಾಗದ ಮುಂದ ಇಟ್ರ ನಾ ಕೈಕಟ್ಟಿ ನಿಂದರ್ತೀನಿ. ನನ್ನ ಮಗಳು ಹಂಗ ನಿಂದರಬಾರದು." ಸುಳ್ಳೇಕೆ ಹೇಳಲಿ, ಆ ಮಾತು ಎದೆಗೆ ನಾಟಿತು.

ಸಾಲೆ ಚೆನ್ನಾಗಿತ್ತು. ಬಣ್ಣದ ಗೋಡೆ, ಜಾರುಬಂಡೆ, ತಣ್ಣನೆಯ ನೀರಿನ ಯಂತ್ರ. ದೊಡ್ಡ ಮೇಡಂ ಮೊದಲು ಮರಾಠಿಯಲ್ಲಿ ಮಾತಾಡಿಸಿದರು, ನನ್ನ ಸೀರೆ ನೋಡಿ ಕನ್ನಡಕ್ಕೆ ತಿರುಗಿದರು. "ಕುಂದ್ರಿ ಅಜ್ಜಿ. ನಮ್ಮದು ಇಂಟರ್‌ನ್ಯಾಷನಲ್ ಸಿಲಬಸ್ ಐತ್ರಿ."

"ಯಾವ ದೇಶದ್ದರಿ?"

ಬೀರಪ್ಪ ನನ್ನ ಮೊಣಕೈ ತಿವಿದ. ನಾನು ಬಿಡಲಿಲ್ಲ. "ಜಪಾನದ್ದು ಅಂದ್ರ ಹುಡುಗರ ಕೈಯಾಗ ಕಸಬರಿಗಿ ಕಾಣಬೇಕಿತ್ತು. ಫಿನ್‌ಲ್ಯಾಂಡಿಂದು ಅಂದ್ರ ಆ ಹೊರಗಿನ ವರ್ಗದಾಗ ಮೂರು ವರ್ಷದ ಕೂಸುಗಳು ಕೈಕಟ್ಟಿ ಕುಂತಿರಬಾರದಿತ್ತು. ಅದಕ್ಕ ಕೇಳಿದೆ."

"ಭಾಳ ತಿಳಕೊಂಡೀರಿ ಅಜ್ಜಿ" ಎಂದು ಮೇಡಂ ನಕ್ಕರು. ಪರೀಕ್ಷೆಗೆಂದು ಆರತಿಯನ್ನು ಹತ್ತಿರ ಕರೆದು ಒಂದು ಚಿತ್ರದ ಹಲಗೆ ಹಿಡಿದರು. ಅದರಲ್ಲಿ ಕುರಿಗಳಿದ್ದವು. ಎಷ್ಟಿವೆ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಆರತಿ ಚಿತ್ರವನ್ನು ದಿಟ್ಟಿಸಿದಳು. "ಒಂದು ಮರಿ ಇಲ್ರಿ" ಎಂದಳು.

"ಎಷ್ಟು ಅದಾವ ಅಂತ ಹೇಳವ್ವ."

"ಏಳು ಅದಾವ್ರಿ, ಸೆವೆನ್. ಆದ್ರ ಈ ತಾಯಿ ಕೆಚ್ಚಲಾ ತುಂಬೈತಿ, ಮರಿ ಕಾಣವಲ್ದು. ಎಲ್ಲಿ ಹೋತ್ರಿ?"

ನಮ್ಮ ಮನೆಯ ಕೂಸು ಬಿಟ್ಟು ಬೇರೆ ಯಾರು ಹೀಗೆ ತಪ್ಪು ಮಾಡಿಯಾರು! ಎಣಿಸೆಂದರೆ ಇಲ್ಲದ್ದನ್ನು ಹುಡುಕಿತು. ಮೇಡಂ ಹಲಗೆ ತಿರುಗಿಸಿ ತಾವೂ ನೋಡಿದರು. "ಇಷ್ಟು ವರ್ಷ ಈ ಚಿತ್ರ ತೋರಿಸೀನಿ, ನನಗ ಇದು ಕಂಡೇ ಇಲ್ಲ" ಎಂದರು. ಅವರು ಕೆಟ್ಟವರಲ್ಲ. ನನಗೆ ಮಾತ್ರ ಕುರ್ಚಿಯ ಮೇಲೆ ಕುಂದ್ರಲಾಗಲಿಲ್ಲ. ಎದ್ದು ಮೊಮ್ಮಗಳ ಕೆನ್ನೆ ಸವರಿ ಲಟಿಕೆ ಮುರಿದೆ.

ಆಮೇಲೆ ಅರ್ಜಿ ಬಂತು, ಪೂರ್ತಿ ಇಂಗ್ಲಿಷ್. ಮೇಡಂ ತಾವೇ ತುಂಬಿ ಬೀರಪ್ಪನ ಮುಂದೆ ಸರಿಸಿ, ಸಹಿ ಮಾಡುವ ಜಾಗ ತೋರಿಸಿದರು. ಅವನು ಪೆನ್ನು ಹಿಡಿದ. ಆರತಿ ಅಪ್ಪನ ತೋಳಿನ ಕೆಳಗಿನಿಂದ ತಲೆ ತೂರಿಸಿ, ಬೆರಳಿಟ್ಟು, ತಡೆದು ತಡೆದು ಓದಿದಳು. "ನೇಮ್, ಆರತಿ. ಕ್ಲಾಸ್... ಒನ್. ಅಪ್ಪಾ, ಇಲ್ಲಿ ಒನ್ ಅಂತ ಐತಿ. ನಾ ಮೂರನೇತ್ತೆ ಅದೀನಿ."

ಬೀರಪ್ಪನ ಪೆನ್ನು ನಿಂತಿತು.

"ಇಂಗ್ಲಿಷ್ ಬುನಾದಿ ಬೇಕಲ್ರಿ, ಎರಡು ವರ್ಷ ಹಿಂದ ಕೂಡಿಸ್ತೀವಿ. ಎಲ್ಲರಿಗೂ ಹಂಗ ಮಾಡೋದು" ಎಂದರು ಮೇಡಂ.

ನಾನು ಬಾಯಿ ತೆರೆಯುವುದರೊಳಗೆ ಬೀರಪ್ಪನೇ ಕೇಳಿದ, ಮೇಡಂ ಅವರನ್ನಲ್ಲ, ಮಗಳನ್ನು: "ಇದನ್ನ ಓದ್ಲಾಕ ನಿನಗ ಯಾರು ಕಲಿಸ್ಯಾರ?"

"ಅಕ್ಕೋರು."

ಅವನು ಪೆನ್ನಿನ ಮುಚ್ಚಳ ಹಾಕಿದ. "ಸಿಟ್ಟಾಗಬ್ಯಾಡ್ರಿ ಮೇಡಂ. ನಾ ಓದಲಾರದ್ದನ್ನ ಅಕಿ ಓದಿದ್ಲು. ಅಂಥಾಕಿನ್ನ ಹಿಂದಕ ಹ್ಯಾಂಗ ಕೂಡಿಸ್ಲಿ?" ಎಂದು ಕೈ ಮುಗಿದು ಎದ್ದ.

ನಾನು ಆ ಬಣ್ಣದ ಗೋಡೆಯ ನಡುವೆ ಗಟ್ಟಿಯಾಗಿ ನಕ್ಕೆ. ಜವಾನ ಬಾಗಿಲಿಗೆ ಓಡಿ ಬಂದ. ಬರಲಿ! ಜೋಳದ ರೊಟ್ಟಿ ಗಂಟು ಬಿಚ್ಚಿ ಅವರ ಗೇಟಿನ ಎದುರಿನ ಬೇವಿನ ನೆರಳಲ್ಲೇ ಕೂತು ಉಂಡೆವು.

ತಿರುಗಿ ಬರುವ ಬಸ್ಸಿನಲ್ಲಿ ಬೀರಪ್ಪ ಹೇಳಿದ: "ಯವ್ವಾ, ನಮ್ಮ ಸಾಲ್ಯಾಗ ಹುಡುಗರು ಕಡಿಮಿ ಆಗ್ಲಾಕತ್ತಾವ. ನಾಳೆ ಮುಚ್ಚಿದ್ರ?"

"ಮುಚ್ಚಾವ್ರು ಬರ್ಲಿ. ಬಾಗಿಲಾಗ ನಾ ಕುಂದರ್ತೀನಿ. ದಾಟಿ ಹೋಗ್ಲಿ ನೋಡೋಣ." ಅವನು ನಕ್ಕ. ಹೋಗುವಾಗ ನಗದವನು ಬರುವಾಗ ನಕ್ಕ.

ಮೂರು ಗಂಟೆಗೆ ಸೋನ್ಯಾಳದಲ್ಲಿ ಇಳಿದೆವು. ಸಾಲೆ ಇನ್ನೂ ಬಿಟ್ಟಿರಲಿಲ್ಲ. ಆರತಿ ನಮ್ಮನ್ನು ಕೇಳಲೂ ಇಲ್ಲ, ಪಾಟಿಚೀಲವೂ ಇಲ್ಲದೆ ಓಡಿದಳು. ಕಟ್ಟೆಯ ಮೇಲೆ ನೆರೆಮನೆಯ ಶಾಂತವ್ವ ಕೂತಿದ್ದಳು. ಬರುವ ಸೋಮವಾರ ತನ್ನ ಮೊಮ್ಮಗನನ್ನೂ ಅದೇ ಜತ್ತಿನ ಸಾಲೆಗೆ ಒಯ್ಯುವವಳು.

"ಆತೇನ ಅಕ್ಕಾ ಹುಡುಗೀ ಅಡ್ಮಿಶನ್?"

"ಆಗೈತಿ ಬಿಡ ಶಾಂತವ್ವ" ಎಂದೆ. "ಎರಡು ವರ್ಷದ ಹಿಂದ, ಇದೇ ಊರಾಗ. ಅದ ಚಲೋ ಸಾಲಿ ಹೌದೋ ಅಲ್ಲೋ ನೋಡ್ಲಾಕ ಇವತ್ತ ಜತ್ತಿಗೆ ಹೋಗಿ ಬಂದ್ವಿ. ಕುಂದ್ರು, ನಿನ್ನ ಮೊಮ್ಮಗಂದೂ ಮಾತಾಡೂಣು."