ಲಗ್ನಪತ್ರಿಕೆಯಲ್ಲಿ ಕಟ್ಟಿದ ಪಾವಗಡ ಬಸ್ಸು

ಗೆಳೆಯರೇ, ಇವತ್ತು ಬರಗೂರಿನ ಚಿಕ್ಕಪ್ಪನ ಕೈಗೆ ಸಿಕ್ಕಿಬಿದ್ದೆ. ಫ್ಯಾಕ್ಟರಿ ಕೆಲಸ ಹೋದ ಮೇಲೆ ನನ್ನ ಪುಟ್ಟ ಮಾದರಿ ಬಸ್ಸುಗಳಿಗೆ ರಟ್ಟು ಕೊಳ್ಳುವುದನ್ನು ನಿಲ್ಲಿಸಿದ್ದೇನೆ. ಮನೆಗೆ ಬಂದ ಲಗ್ನಪತ್ರಿಕೆಗಳಲ್ಲೇ ಕಟ್ಟುತ್ತೇನೆ. ಹೋದ ವಾರ ತಮ್ಮ ಮಗಳ ಮದುವೆಗೆ ಪತ್ರಿಕೆ ಕೊಟ್ಟು ಕರೆದುಹೋಗಿದ್ದ ಚಿಕ್ಕಪ್ಪ, ಮಧುಗಿರಿಗೆ ಬಂದವರು ಸುಮ್ಮನೆ ಮನೆಗೂ ಬಂದರು. ಮೇಜಿನ ಮೇಲಿದ್ದ ಪಾವಗಡ ಬಸ್ಸನ್ನು ಎತ್ತಿಕೊಂಡರು. ಅರಿಶಿನ ಹಚ್ಚಿದ ಮೂಲೆ ಸರಿಯಾಗಿ ಬಂಪರಿಗೆ ಬಂದಿತ್ತು.

"ಇದು ನಮ್ ಪತ್ರಿಕೆ ಅಲ್ವೇನ್ಲಾ?"

"ಒಳ್ಳೇ ದಪ್ಪ ಕಾಗದ, ಚಿಕ್ಕಪ್ಪ."

"ಮದ್ವೆಗೆ ಮುಂಚೇನೇ ಕತ್ತರಿ ಹಾಕ್ಬುಟ್ಯಲ್ಲೋ. ನನ್ ಮಗಳ ಹೆಸರು ಡ್ರೈವರ್ ಪಕ್ಕ, ಅಳಿಯನ್ನ ಟಾಪ್ ಮ್ಯಾಲೆ ಕೂರ್ಸಿದ್ದೀಯ."

ಒಳಗೆ ಸೀಟು ಇರಲಿಲ್ಲ ಎಂಬ ಮಾತು ಬಾಯಿಗೆ ಬಂತು, ನುಂಗಿಕೊಂಡೆ.

"ಇನ್ನೊಂದು ಪತ್ರಿಕೆ ಕೊಡಿ, ಜೋಪಾನವಾಗಿ ಇಟ್ಕೊತೀನಿ" ಎಂದೆ.

ಚಿಕ್ಕಪ್ಪ ಮೊಬೈಲ್ ತೆಗೆದು ಏನೋ ಒತ್ತಿದರು. ನನ್ನ ಜೇಬಿನಲ್ಲಿ ವಾಟ್ಸಾಪ್ ಟಿಣ್ ಎಂದಿತು.

"ತಗ. ಇದುನ್ನ ಕತ್ತರ್ಸು ನೋಡನ."

ಬಸ್ಸಿಗೆ ಹಿಂಬಾಗಿಲು ಇನ್ನೂ ಬಾಕಿ ಇದೆ. ನಿಮ್ಮ ಮನೆಯಲ್ಲಿ ಮದುವೆ ಇದ್ದರೆ ದಯವಿಟ್ಟು ವಾಟ್ಸಾಪಲ್ಲಿ ಕರೆಯಬೇಡಿ. ಸಂಪ್ರದಾಯ ಅಂತ ಒಂದಿದೆ.