ಬಾಳೆಹಣ್ಣಿನ ಕಾವಲು

ಕಮಲಾಪುರದ ಹೊರಗೆ, ಕಲ್ಲುಗುಡ್ಡದ ಬುಡದಲ್ಲಿರುವ ಶಾಂತಕ್ಕನ ಖಾನಾವಳಿಯಲ್ಲಿ ಊಟಕ್ಕಿಂತ ಮೊದಲು ಬಡಿಗೆ ಕಾಣಿಸಿತು. ಅದು ಗಿರಾಕಿಗಳಿಗಲ್ಲ, ಪಿಕಳಾರ ಹಕ್ಕಿಗಳಿಗೆ.

ಹಿತ್ತಲಿನ ಬಂಡೆಯ ಮೇಲೆ ಶಾಂತಕ್ಕ ದಿನಾ ಒಂದು ಬಾಳೆಹಣ್ಣು ಸುಲಿದಿಡುತ್ತಾರೆ. ಅದು ಹಳದಿ ಕೊರಳಿನ ಪಿಕಳಾರಕ್ಕೆ. ಇಂಥ ಕಲ್ಲುಗುಡ್ಡ ಬಿಟ್ಟು ಬೇರೆಲ್ಲೂ ಬಾಳದ, ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವ ಹಕ್ಕಿ. ಅದನ್ನು ನೋಡಲೆಂದೇ ನಾನು ಬಂದಿದ್ದೆ. ಆದರೆ ಅದರ ದಾಯಾದಿ, ಬಾಲದಡಿ ಕೆಂಪಿರುವ ಕರಿತಲೆಯ ಮಾಮೂಲಿ ಪಿಕಳಾರ, ಹಣ್ಣು ಸುಲಿಯುವ ಮೊದಲೇ ಹಾಜರಾಗುತ್ತದೆ.

“ಇವಕ್ಕೇನ್ರಿ, ಎಲ್ಲಿ ಬಿಟ್ರೂ ಬದುಕ್ತಾವ. ಪಾಪ, ಅದಕ್ಕ ಈ ಗುಡ್ಡ ಬಿಟ್ರ ಗತಿ ಇಲ್ಲ. ಆ ಕಡಿಯಿಂದ ಕಲ್ಲು ಒಡೆಯೋರು ಬರಾಕತ್ಯಾರ,” ಎಂದು ಶಾಂತಕ್ಕ ಬಡಿಗೆ ಬೀಸಿದರು.

ಮಧ್ಯಾಹ್ನ ಹಳದಿ ಕೊರಳು ಬಂದು ಬಂಡೆಯ ಮೇಲೆ ಕುಳಿತೇಬಿಟ್ಟಿತು. ನಾನು ಉಸಿರು ಬಿಗಿಹಿಡಿದೆ. ಪಕ್ಕದಲ್ಲೇ ಕರಿತಲೆಯೂ ಇಳಿಯಿತು. ಶಾಂತಕ್ಕ ಎತ್ತಿದ ಬಡಿಗೆ ಗಾಳಿಯಲ್ಲೇ ನಿಂತಿತು.

“ಓಡಿಸ್ರಿ ಅಕ್ಕಾ,” ಎಂದು ಪಿಸುಗುಟ್ಟಿದೆ.

“ಹೆಂಗ ಓಡಿಸ್ಲಿ? ಕರಿತಲಿ ಎದ್ರ ಹಳದೀನೂ ಏಳ್ತೈತಿ. ಬೀಗರ ಕೂಡ ಬಂದೋರ್ನ ಊಟಕ್ಕ ಬ್ಯಾಡ ಅನ್ನಾಕ ಬರ್ತೈತೇನು?”

ಹಳದಿ ಕೊರಳು ಹಣ್ಣನ್ನು ಒಮ್ಮೆ ಕುಕ್ಕಿ, ಮನಸ್ಸಾಗದೆ ಗರಿ ತಿದ್ದಿಕೊಳ್ಳುತ್ತ ಕುಳಿತಿತು. ಕರಿತಲೆ ಮಾತ್ರ ಹಣ್ಣು ಮುಗಿಸುತ್ತ ಬಂತು.

ಶಾಂತಕ್ಕ ಬಡಿಗೆ ಇಳಿಸದೆ, ಕತ್ತನ್ನಷ್ಟೇ ನನ್ನತ್ತ ಹೊರಳಿಸಿದರು. “ಒಳಗ ಇನ್ನೊಂದು ಹಣ್ಣೈತಿ. ಸಪ್ಪಳ ಮಾಡದಂಗ ತರ್ರಿ, ಜಲ್ದಿ!”