ಅತ್ತೆಯ ಕೈ ಒಪ್ಪಿದ ಸಾಲು

ನನ್ನ ಸೋದರತ್ತೆಯ ಬಲಗೈ ಹೆಬ್ಬೆರಳಿನ ತುಂಬ ಕುರಿಹಲ್ಲಿನ ಗುರುತುಗಳಿದ್ದವು. ತಮಿಳುನಾಡಿನ ಪೆನ್ನಾಗರಂ ಕಡೆಯ ಅವಳ ಹಟ್ಟಿಯಲ್ಲಿ ಯಾವ ಮರಿಗೆ ಹುಳುವಿನ ಔಷಧಿ ಕುಡಿಸಬೇಕಾದರೂ ಆ ಬೆರಳೇ ಮೊದಲು ಬಾಯೊಳಗೆ ಹೋಗಬೇಕು. "ಕಚ್ಚಲ್ವಾ ಅತ್ತೆ?" ಎಂದರೆ, "ಕಚ್ತೈತೆ. ಅದ್ರ ಬಾಯಿ, ಅದ್ರಿಷ್ಟ" ಅನ್ನುತ್ತಿದ್ದಳು.

ನಾನು ಸೇಲಂನ ಸಣ್ಣ ಆಫೀಸೊಂದರಲ್ಲಿ ಕುರಿ ಸಾಕುವವರಿಗಾಗಿ ಮೊಬೈಲ್ ಪಾಠ ತಯಾರಿಸುವವನು. ನಮ್ಮ ತಂತ್ರಾಂಶದಲ್ಲಿ ಇಂಗ್ಲಿಷಿನ ಒಂದೊಂದು ಸಾಲಿನ ಪಕ್ಕದಲ್ಲೂ ತಮಿಳಿಗೊಂದು, ಕನ್ನಡಕ್ಕೊಂದು ಖಾಲಿ ಜಾಗ ಇರುತ್ತದೆ. ಅದನ್ನು ತುಂಬುವುದು ನನ್ನ ಕೆಲಸ. ನಾನು ಓದಿದ್ದೆಲ್ಲ ತಮಿಳಿನಲ್ಲಿ. ಮನೆಯಲ್ಲಿ ಆಡುವ ಕನ್ನಡವನ್ನು ಬರೆಯಲು ಕಲಿತದ್ದು ಕೆಲಸಕ್ಕೆ ಸೇರಿದ ಮೇಲೆ, ಹಾಗಾಗಿ ನಿಘಂಟು ನೋಡಿ ದೊಡ್ಡ ದೊಡ್ಡ ಪದಗಳನ್ನೇ ಹಾಕುತ್ತಿದ್ದೆ. "ಮರಿಗೆ ಔಷಧಿಯನ್ನು ಸೇವನೆ ಮಾಡಿಸಿ" ಎಂದು ಮೊದಲ ಸಲ ಓದಿ ತೋರಿಸಿದಾಗ ಅತ್ತೆ ಕೇಳಿದಳು: "ಇದು ಕುರಿಗೇನ್ಲಾ, ಕಲೆಕ್ಟ್ರಿಗಾ?"

ಅಲ್ಲಿಂದ ಭಾನುವಾರಗಳಲ್ಲಿ ಬಸ್ಸು ಹತ್ತಿ ಅವಳ ಹಟ್ಟಿಗೆ ಹೋಗತೊಡಗಿದೆ. ಅತ್ತೆಗೆ ಯಾವ ಭಾಷೆಯ ಅಕ್ಷರವೂ ಬರದು. ನಾನು ಓದುವುದು, ಅವಳು ಮರಿಯನ್ನು ಮಂಡಿಗಳ ನಡುವೆ ಹಿಡಿದು ನಾನು ಹೇಳಿದಷ್ಟನ್ನೇ ಮಾಡುವುದು. ಹೇಳದ್ದನ್ನು ಸುತರಾಂ ಮಾಡುವವಳಲ್ಲ. ಮುಚ್ಚಳ ತೆಗೆಯಿರಿ ಎಂದು ಬರೆಯಲು ನಾನು ಮರೆತಿದ್ದರೆ, ಮುಚ್ಚಿದ ಬಾಟಲಿಯನ್ನೇ ಮರಿಯ ಬಾಯಿಗಿಟ್ಟು ನನ್ನ ಮುಖ ನೋಡುವಳು. ಸಾಲು ಸರಿ ಇದ್ದರೆ "ಕೈ ಓಗ್ತೈತೆ" ಅನ್ನುವಳು.

ಒಂದು ಭಾನುವಾರ "ಮರಿಯ ತಲೆ ಮೇಲೆತ್ತಿ ಔಷಧಿ ಹುಯ್ಯಿರಿ" ಎಂದು ಓದಿದೆ. ಅವಳ ಕೈ ನಿಂತೇ ಬಿಟ್ಟಿತು.

"ಕೈ ಓಗ್ತಿಲ್ಲ ಕಣ್ಲಾ. ತಲೆ ಎತ್ತಿದ್ರೆ ಮರುಂದು ಒಟ್ಟೆಗ್ ಓಗಲ್ಲ, ಉಸ್ರಿಗ್ ಓಗ್ತೈತೆ. ಮರಿ ಕೆಮ್ಮಿ ಕೆಮ್ಮಿ ಸಾಯ್ತೈತೆ."

ಇಂಗ್ಲಿಷ್ ಸಾಲನ್ನು ಮತ್ತೆ ನೋಡಿದೆ. ತಲೆ ನೆಲಕ್ಕೆ ಸಮನಾಗಿರಲಿ ಎಂದೇ ಅದರಲ್ಲಿತ್ತು. ನಾವು ತಲೆ ಎತ್ತಿ ಟಾನಿಕ್ ಕುಡಿಯುವಂತೆ ಮರಿಯೂ ಕುಡಿಯುತ್ತದೆ ಎಂಬ ಅಂದಾಜಿನಲ್ಲಿ, ಸರಿಯಾಗಿ ಓದದೆಯೇ ಬರೆದಿದ್ದೆ.

"ತಮಿಳ್ನಾಗೆ ಏನಂತ ಆಕಿದೀಯ?" ಎಂದಳು ಅತ್ತೆ.

ತಮಿಳಿನಲ್ಲೂ ಅದನ್ನೇ ಹಾಕಿದ್ದೆ, ಆ ಪಾಠ ಎರಡು ದಿನದ ಹಿಂದೆಯೇ ಜನರ ಮೊಬೈಲಿಗೆ ಹೋಗಿತ್ತು. ಸೋಮವಾರ ಆಫೀಸಿಗೆ ಹೋಗಿ ಸದ್ದಿಲ್ಲದೆ ತಿದ್ದುತ್ತೇನೆ ಎಂದೆ.

"ಸೋಮಾರ ಗಂಟ ಮರಿ ಕಾಯ್ತೈತಾ? ಈಗ್ಲೇ ಫೋನ್ ಮಾಡು. ಬೈದ್ರೆ ಬೈಸ್ಕೋ."

ಸಿಗ್ನಲ್ಲಿಗಾಗಿ ಬಂಡೆ ಹತ್ತಿ ಮ್ಯಾನೇಜರಿಗೆ ಫೋನ್ ಮಾಡಿದೆ. ಪಾಠವನ್ನು ಆಗಲೇ ತೆಗೆಸಿದರು, ಚೆನ್ನಾಗಿ ಬೈದರು. ಆ ಎರಡು ದಿನದಲ್ಲಿ ಎಲ್ಲಾದರೂ ಮರಿ ಸತ್ತಿತೋ ಏನೋ, ನನಗೆ ಇವತ್ತಿಗೂ ಗೊತ್ತಿಲ್ಲ. ವಿಚಾರಿಸುವ ಧೈರ್ಯ ಬರಲಿಲ್ಲ.

ಆಮೇಲೆ ಕನ್ನಡ ಪಾಠಕ್ಕೆ ಅತ್ತೆಯ ದನಿಯನ್ನೇ ಹಾಕಿದೆವು. ನಮ್ಮ ಕಡೆ ಕನ್ನಡ ಆಡುವವರು ಬಹಳ, ಓದುವವರು ಕಡಿಮೆ. "ತಲೆ ಎತ್ಬೇಡಿ, ಬಾಟ್ಲಿ ಬಾಯ್ ಪಕ್ಕದಾಗಿಡಿ" ಎಂದು ಅವಳು ಹೇಳುವಾಗ ಹಿಂದೆ ಒಂದು ಮರಿ ಅರಚುವುದೂ ಕೇಳಿಸುತ್ತದೆ.

ಹೋದ ಆಡಿ ತಿಂಗಳಲ್ಲಿ, ಆಷಾಢದ ಹೊತ್ತಿಗೆ, ಅತ್ತೆ ತೀರಿಕೊಂಡಳು. ಮೊನ್ನೆ ಅದೇ ಇಂಗ್ಲಿಷ್ ಸಾಲನ್ನು ಬದಲಿಸಿದರು: ಬಾಟಲಿ ಬೇಡ, ಸೂಜಿ ಇಲ್ಲದ ಸಿರಿಂಜಿನಲ್ಲೇ ಕುಡಿಸಬೇಕು, ಆಗಲೇ ಅಳತೆ ತಪ್ಪದು ಎಂದು. ಇಂಗ್ಲಿಷ್ ಬದಲಾದರೆ ಹಳೆಯದಾದ ಅನುವಾದದ ಪಕ್ಕ ಕೆಂಪು ಚುಕ್ಕೆ ಬರುತ್ತದೆ. ತಮಿಳನ್ನು ಅಂದೇ ತಿದ್ದಿದೆ. ಕನ್ನಡದ ಪಕ್ಕದ ಚುಕ್ಕೆಯನ್ನು ಎರಡು ದಿನ ಹಾಗೇ ಬಿಟ್ಟೆ. ಅವಳ ದನಿ ಅಳಿಸಲು ನನಗೆ ಮನಸ್ಸೇ ಬರಲಿಲ್ಲ. ಮೂರನೆಯ ದಿನ, ಅಂದಿನ ತಪ್ಪು ಪಾಠ ಜನರ ಮೊಬೈಲಿನಲ್ಲಿದ್ದದ್ದೂ ಎರಡೇ ದಿನ ಎಂದು ನೆನಪಾಗಿ ನಾಚಿಕೆಯಾಯಿತು. ರಜೆ ಹಾಕಿ ಹಟ್ಟಿಗೆ ಹೋದೆ.

ಅತ್ತೆಯ ಸೊಸೆ ಒಂದು ಮರಿ ಹಿಡಿದು ಕೊಟ್ಟಳು. ಮಂಡಿಗಳ ನಡುವೆ ಇಟ್ಟುಕೊಂಡು, ಹೊಸ ಸಾಲನ್ನು ಗಟ್ಟಿಯಾಗಿ ಓದುತ್ತಾ ಅದು ಹೇಳಿದಷ್ಟನ್ನೇ ಮಾಡಿದೆ. ಮರಿ ನನ್ನ ಹೆಬ್ಬೆರಳನ್ನು ಕಚ್ಚಿತು. ಆದರೂ ಕೈ ಹೋಯಿತು. ನನ್ನ ದನಿಯಲ್ಲಿ ಆ ಸಾಲನ್ನು ಮೊಬೈಲಿಗೆ ಹೇಳಿ, ಬಂಡೆ ಹತ್ತಿ ಕಳಿಸಿದೆ. ಹಳೆಯ ದನಿಯನ್ನು ಅಳಿಸಲೇ ಎಂದು ತಂತ್ರಾಂಶ ಕೇಳಿತು. ನೋಯುತ್ತಿದ್ದ ಬೆರಳಿನಿಂದಲೇ ಹೌದು ಎಂದು ಒತ್ತಿದೆ.